ಕಂಪನದ ಮೂಲವನ್ನರಸಿದ ವೈದ್ಯ ಜೇಮ್ಸ್ ಪಾರ್ಕಿನ್‌ಸನ್

ರೋಗವೊಂದರ ಹೆಸರಾಗಿ ಉಳಿದವರ ಬಾಳು ಬಹುಮಟ್ಟಿಗೆ ಆ ಹೆಸರಿನ ಹಿಂದೆಯೇ ಮರೆಯಾಗಿಬಿಡುತ್ತದೆ. ಕೈ ನಡುಗುವ, ಹೆಜ್ಜೆ ಕಿರಿದಾಗುವ, ಮುಖದ ಭಾವ ಮಂಕಾಗುವ ವ್ಯಾಧಿಗೆ ಪಾರ್ಕಿನ್‌ಸನ್ ಕಾಯಿಲೆಯೆಂಬ ಹೆಸರಿರುವುದನ್ನು ಇಂದು ಅನೇಕರು ಬಲ್ಲರು. ಆದರೆ ಆ ಪಾರ್ಕಿನ್‌ಸನ್ನರು ಯಾರು, ಹೇಗೆ ಬಾಳಿದರು, ಯಾವ ಬಲದಿಂದ ಅದನ್ನು ಗುರುತಿಸಿದರು ಎಂಬುದನ್ನು ಬಲ್ಲವರು ವಿರಳ. ಅವರು ರಾಜವೈದ್ಯರಾಗಿರಲಿಲ್ಲ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆಗಿರಲಿಲ್ಲ. ಲಂಡನ್ನಿನ ಒಂದು ಬಡಾವಣೆಯಲ್ಲಿ ಮನೆಮನೆಗೆ ಹೋಗಿ ಚಿಕಿತ್ಸೆ ಮಾಡುತ್ತಿದ್ದ ಸಾಮಾನ್ಯ ವೈದ್ಯರಾಗಿದ್ದರು.

ಜೇಮ್ಸ್ ಪಾರ್ಕಿನ್‌ಸನ್ನರು 1755ರ ಏಪ್ರಿಲ್ 11ರಂದು ಹಾಕ್ಸ್‌ಟನ್ ಚೌಕದ ಒಂದನೆಯ ನಂಬರಿನ ಮನೆಯಲ್ಲಿ ಜನಿಸಿದರು. ತಂದೆ ಜಾನ್ ಪಾರ್ಕಿನ್‌ಸನ್ನರೂ ವೈದ್ಯವೃತ್ತಿಯವರೇ. ಮಗ ತಂದೆಯ ಕೈಕೆಳಗೆ ವೃತ್ತಿ ಕಲಿತು, 1776ರಲ್ಲಿ ಕೆಲಕಾಲ ಲಂಡನ್ ಆಸ್ಪತ್ರೆಯಲ್ಲಿ ಅಭ್ಯಾಸ ಮಾಡಿದರು. ನೇಣು ಹಾಕಿಕೊಂಡಿದ್ದ ಒಬ್ಬನನ್ನು ಬದುಕಿಸಿದುದಕ್ಕಾಗಿ ಮರುವರ್ಷ ಹ್ಯೂಮೇನ್ ಸೊಸೈಟಿಯ ಬೆಳ್ಳಿಯ ಪದಕ ಅವರಿಗೆ ದೊರೆಯಿತು. 1784ರಲ್ಲಿ ತಂದೆ ತೀರಿಕೊಂಡ ಮೇಲೆ ವೃತ್ತಿಯ ಭಾರವೆಲ್ಲ ಅವರ ಹೆಗಲೇರಿತು. ಆದರೂ ಕಲಿಕೆ ನಿಲ್ಲಲಿಲ್ಲ. ಮೂವತ್ತರ ಪ್ರಾಯದಲ್ಲಿ, ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರರ ಉಪನ್ಯಾಸಗಳಿಗೆ ವಿದ್ಯಾರ್ಥಿಯಂತೆ ಹೋಗಿ ಕುಳಿತು ಶೀಘ್ರಲಿಪಿಯಲ್ಲಿ ಬರೆದುಕೊಂಡರು. ಆ ಟಿಪ್ಪಣಿಗಳನ್ನು ಅವರ ಮಗ 1833ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು.

ಫ್ರಾನ್ಸಿನ ಮಹಾಕ್ರಾಂತಿಯ ಗಾಳಿ ಇಂಗ್ಲೆಂಡಿಗೂ ಬೀಸಿದ ಕಾಲವದು. ಸಾಮಾನ್ಯ ಜನರಿಗೂ ಮತದಾನದ ಹಕ್ಕು ಬೇಕೆಂದು ಕೇಳುತ್ತಿದ್ದ ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿಯನ್ನು ಪಾರ್ಕಿನ್‌ಸನ್ನರು ಸೇರಿ, ಓಲ್ಡ್ ಹ್ಯೂಬರ್ಟ್ ಎಂಬ ಗುಪ್ತನಾಮದಿಂದ ಕಿರುಹೊತ್ತಗೆಗಳನ್ನು ಬರೆದರು. 1794ರಲ್ಲಿ, ದೊರೆ ಮೂರನೆಯ ಜಾರ್ಜನನ್ನು ವಿಷದ ಬಾಣದಿಂದ ಕೊಲ್ಲುವ ಸಂಚು ನಡೆದಿದೆಯೆಂಬ ಆರೋಪ ಹೊರಟು ಅವರ ಸಂಗಡಿಗರು ಬಂಧಿತರಾದಾಗ, ಪ್ರಧಾನಿ ವಿಲಿಯಂ ಪಿಟ್ಟರಿದ್ದ ಪ್ರಿವಿ ಕೌನ್ಸಿಲಿನ ಎದುರು ನಿಂತು ಸಾಕ್ಷ್ಯ ನುಡಿದರು. ರಕ್ತಪಾತವಿಲ್ಲದ ಕ್ರಾಂತಿಯನ್ನು ಕುರಿತ ಹೊತ್ತಗೆ ತಮ್ಮದೇ ಎಂದು ಅಲ್ಲಿ ಒಪ್ಪಿಕೊಳ್ಳಲು ಅವರು ಅಂಜಲಿಲ್ಲ.

ಆ ಬಳಿಕ ಅವರ ಲೇಖನಿ ವೈದ್ಯ ಮತ್ತು ವಿಜ್ಞಾನಗಳ ಕಡೆಗೆ ಹರಿಯಿತು. ಗೃಹಸ್ಥರಿಗೆ ಆರೋಗ್ಯದ ತಿಳಿವಳಿಕೆ, ಹಳ್ಳಿಗರಿಗೆ ವೈದ್ಯಸಲಹೆ, ಅಪಾಯದ ಆಟಗಳನ್ನು ಕುರಿತು ಮಕ್ಕಳಿಗೆ ಎಚ್ಚರಿಕೆ, ರಸಾಯನಶಾಸ್ತ್ರದ ಕೈಪಿಡಿ ಇವೆಲ್ಲವನ್ನೂ ಬರೆದರು. ಬಡಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ರವಿವಾರದ ಶಾಲೆಗಳಿಗಾಗಿ ಶ್ರಮಿಸಿದರು. ಪಳೆಯುಳಿಕೆಗಳನ್ನು ಕುರಿತ ಅವರ ಬೃಹದ್ಗ್ರಂಥ 1804ರಿಂದ 1811ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂದಿತು. 1807ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

ಇಷ್ಟೆಲ್ಲ ಮಾಡಿದ ಮೇಲೆ, 1817ರಲ್ಲಿ, ತಮ್ಮ ಅರವತ್ತೆರಡನೆಯ ವಯಸ್ಸಿನಲ್ಲಿ, ನಡುಕದ ವಾಯುವನ್ನು ಕುರಿತು ಅರವತ್ತಾರು ಪುಟಗಳ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿದ್ದುದು ಆರೇ ಮಂದಿಯ ವೃತ್ತಾಂತ. ಅವರಲ್ಲಿ ಇಬ್ಬರನ್ನು ಬೀದಿಯಲ್ಲಿ ಕಂಡು ಮಾತನಾಡಿಸಿದ್ದರು. ಇನ್ನೊಬ್ಬನನ್ನು ದೂರದಿಂದಷ್ಟೇ ನೋಡಿದ್ದರು. ಮುಪ್ಪಿನ ಸಹಜ ಬಳಲಿಕೆಯೆಂದು ಜನ ಕಡೆಗಣಿಸುತ್ತಿದ್ದ ನಡುಕ, ಬಾಗಿದ ಮೈ, ಮುಂದಕ್ಕೆ ತಳ್ಳಿದಂತೆ ಓಡುವ ಹೆಜ್ಜೆ ಇವೆಲ್ಲ ಒಂದೇ ವ್ಯಾಧಿಯ ಅಂಗಗಳೆಂದು ಅವರು ತೋರಿಸಿಕೊಟ್ಟರು.

ಅವರು ಗುರುತಿಸಿದ ಇನ್ನೊಂದು ಸಂಗತಿ ಸೂಕ್ಷ್ಮವಾದುದು. ನಾವು ನಡೆಯುವಾಗ ಕಾಲಿನ ಚಿಂತೆ ಮಾಡುವುದಿಲ್ಲ. ಕಾಲು ತನ್ನ ಪಾಡಿಗೆ ತಾನು ಸಾಗುತ್ತದೆ. ಈ ರೋಗಿಗಳಿಗಾದರೋ ಪ್ರತಿ ಹೆಜ್ಜೆಗೂ ಮನಸ್ಸಿಟ್ಟು ಗಮನ ಕೊಡಬೇಕಾಗುತ್ತದೆ, ಕೈಯೂ ಮನಸ್ಸಿನ ಆಜ್ಞೆಯನ್ನು ಸರಿಯಾಗಿ ಪಾಲಿಸದು ಎಂದು ಅವರು ಬರೆದಿಟ್ಟರು. ಕಾರಣವೇನೆಂಬುದು ಅವರಿಗೆ ನಿಲುಕಲಿಲ್ಲ. ಕತ್ತಿನ ಭಾಗದ ಬೆನ್ನುಹುರಿಯಲ್ಲಿ ರೋಗದ ನೆಲೆಯಿದ್ದು, ಅದು ಮಿದುಳಿನ ಬುಡದತ್ತ ಹಬ್ಬುವುದೆಂದು ಊಹಿಸಿದರು. ದೇಹವನ್ನು ಸೀಳಿ ನೋಡಿದ ಆಧಾರ ತಮ್ಮಲ್ಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿ, ಅಂಗರಚನೆ ಬಲ್ಲವರು ಮುಂದಿನ ಕೆಲಸ ಕೈಗೊಳ್ಳಲೆಂಬ ಆಶಯದಿಂದಲೇ ಪ್ರಬಂಧವನ್ನು ಲೋಕದ ಮುಂದಿಟ್ಟರು.

ಆ ಕರೆಗೆ ಓಗೊಟ್ಟವರು ಹಲವರು. ಅದೇ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನ ಜೀನ್ ಮಾರ್ಟಿನ್ ಶಾರ್ಕೋ ಅವರು ಈ ವ್ಯಾಧಿಗೆ ಪಾರ್ಕಿನ್‌ಸನ್ನರ ಹೆಸರಿಟ್ಟು ಗೌರವಿಸಿದರು. 1919ರಲ್ಲಿ ಟ್ರೆಟಿಯಾಕಾಫ್ ಅವರು ನಡುಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪುಬಣ್ಣದ ಭಾಗದಲ್ಲಿ ಜೀವಕೋಶಗಳು ನಾಶವಾಗಿರುವುದನ್ನು ತೋರಿಸಿದರು. ಆ ಕೋಶಗಳು ಡೋಪಮೀನ್ ಎಂಬ ರಸವನ್ನು ಮಿದುಳಿನ ಒಳಗಿನ ಸ್ಟ್ರಯೇಟಮ್ ಭಾಗಕ್ಕೆ ಒದಗಿಸುತ್ತವೆ. ರೋಗಿಗಳಲ್ಲಿ ಅದರ ಕೊರತೆಯಿದೆಯೆಂದು 1960ರಲ್ಲಿ ವಿಯೆನ್ನಾದ ಎಹ್ರಿಂಗರ್ ಮತ್ತು ಹಾರ್ನಿಕೀವಿಕ್ಸ್ ಕಂಡುಹಿಡಿದರು. 1967ರಲ್ಲಿ ಜಾರ್ಜ್ ಕೋಟ್ಜಿಯಾಸ್ ಅವರು ಡೋಪಾ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ರೋಗಿಗಳ ಚಲನೆ ಸುಧಾರಿಸಿದುದನ್ನು ತೋರಿಸಿದರು.

ಮಿದುಳಿನ ಭಾಗಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಒಂದರೊಡನೊಂದು ಸದಾ ಸಂಪರ್ಕವಿರಿಸಿಕೊಂಡ ಜಾಲಗಳಾಗಿ ದುಡಿಯುತ್ತವೆ. 1986ರಲ್ಲಿ ಅಮೆರಿಕದ ಅಲೆಕ್ಸಾಂಡರ್, ಡಿಲಾಂಗ್ ಮತ್ತು ಸ್ಟ್ರಿಕ್ ಎಂಬ ವಿಜ್ಞಾನಿಗಳು, ಮಿದುಳಿನ ಹೊರಪದರ ಮತ್ತು ಸ್ಟ್ರಯೇಟಮ್‌ಗಳನ್ನು ಹೆಣೆಯುವ ಸಮಾನಾಂತರ ಸುತ್ತುಗಳನ್ನು ವಿವರಿಸಿದರು. ಚಲನೆಗೆ ಒಂದು ಸುತ್ತು, ಯೋಚನೆಗೆ ಇನ್ನೊಂದು, ಭಾವನೆಗೆ ಮತ್ತೊಂದು. ರೋಗದ ಆರಂಭದಲ್ಲಿ ಡೋಪಮೀನ್ ಹೆಚ್ಚಾಗಿ ಬತ್ತುವುದು ಸ್ಟ್ರಯೇಟಮ್‌ನ ಪುಟಾಮೆನ್ ಎಂಬ ಅಂಗದ ಹಿಂಬದಿಯಲ್ಲಿ. ಮುಂಬದಿ ಆಗ ಬಹುಮಟ್ಟಿಗೆ ಉಳಿದಿರುತ್ತದೆ. 2010ರಲ್ಲಿ ನೆದರ್ಲೆಂಡ್ಸ್ ದೇಶದ ಸಂಶೋಧಕರು ಎಂ.ಆರ್.ಐ. ಯಂತ್ರದ ನೆರವಿನಿಂದ, ರೋಗಿಗಳಲ್ಲಿ ಹಿಂಬದಿಯ ಸಂಪರ್ಕ ಸಡಿಲಗೊಂಡು ಮುಂಬದಿಯ ಸಂಪರ್ಕ ಹೆಚ್ಚಿರುವುದನ್ನು ಕಂಡರು. ಹಿಂಬದಿಯು ಅಭ್ಯಾಸಬಲದ ಚಲನೆಗಳಿಗೂ ಮುಂಬದಿಯು ಗಮನವಿಟ್ಟು ಮಾಡುವ ಕೆಲಸಗಳಿಗೂ ಸಂಬಂಧಿಸಿವೆಯೆಂಬುದು ವಿದ್ವಾಂಸರ ಅಭಿಪ್ರಾಯ. ಇದು ನಿಜವಾದರೆ, ಹೆಜ್ಜೆಹೆಜ್ಜೆಗೂ ಗಮನ ಬೇಕಾಗುವುದೆಂದು ಪಾರ್ಕಿನ್‌ಸನ್ನರು ಬರಿಗಣ್ಣಿನಿಂದ ಕಂಡ ಸಂಗತಿಗೆ ಸುಮಾರು ಎರಡು ಶತಮಾನಗಳ ಬಳಿಕ ಮಿದುಳಿನೊಳಗಿನ ಅರ್ಥ ದೊರೆತಂತಾಯಿತು.

ಅವರು ಹೇಳಿದುದೆಲ್ಲವೂ ನಿಲ್ಲಲಿಲ್ಲ. ಇಂದ್ರಿಯಗಳಿಗೂ ಬುದ್ಧಿಗೂ ಈ ರೋಗದಿಂದ ಬಾಧೆಯಿಲ್ಲವೆಂದು ಅವರು ಭಾವಿಸಿದ್ದರು. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬಡಿಯುವುದು ಮುಂತಾದವು ನಡುಕಕ್ಕೆ ವರ್ಷಗಳ ಮೊದಲೇ ಬರಬಹುದೆಂದೂ, ಕೆಲವರಲ್ಲಿ ಮನಸ್ಸು ಕುಗ್ಗಿ ಯೋಚನೆ ನಿಧಾನವಾಗುವುದೆಂದೂ ಈಗ ತಿಳಿದಿದೆ. ಇವು ಇದ್ದವರಿಗೆಲ್ಲ ಈ ರೋಗವೇ ಬಂದಿದೆಯೆಂದು ಅಂಜಬೇಕಾಗಿಲ್ಲ. ಆದರೆ ಮನೆಯ ಹಿರಿಯರ ಅಕ್ಷರ ದಿನೇ ದಿನೇ ಚಿಕ್ಕದಾಗುತ್ತ ಬಂದರೆ, ನಡೆಯುವಾಗ ಒಂದು ಕೈ ಬೀಸದೆ ನಿಂತರೆ, ವಯಸ್ಸಾಯಿತೆಂದು ಸುಮ್ಮನಾಗದೆ ನರರೋಗತಜ್ಞರಲ್ಲಿಗೆ ಕರೆದೊಯ್ಯುವುದು ನಮ್ಮ ಕರ್ತವ್ಯ. ರೋಗವನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲವಾದರೂ, ಔಷಧಿ ಮತ್ತು ವ್ಯಾಯಾಮಗಳಿಂದ ಅನೇಕ ವರ್ಷಗಳ ಬಾಳು ಹಗುರವಾಗುತ್ತದೆ.

1822ರಲ್ಲಿ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ತನ್ನ ಗೌರವ ಸುವರ್ಣಪದಕವನ್ನು ಮೊಟ್ಟಮೊದಲಿಗೆ ಪಾರ್ಕಿನ್‌ಸನ್ನರಿಗೆ ನೀಡಿತು. 1824ರ ಡಿಸೆಂಬರ್ 21ರಂದು ಲಕ್ವಕ್ಕೆ ತುತ್ತಾಗಿ ಅವರು ತೀರಿಕೊಂಡರು. ಅವರದೆಂದು ನಿಶ್ಚಯವಾಗಿ ಹೇಳಬಹುದಾದ ಒಂದು ಚಿತ್ರವೂ ಉಳಿದಿಲ್ಲ. ಅವರ ಜನ್ಮದಿನವಾದ ಏಪ್ರಿಲ್ 11ನ್ನು ಇಂದು ಲೋಕವೆಲ್ಲ ಪಾರ್ಕಿನ್‌ಸನ್ ದಿನವೆಂದು ಆಚರಿಸುತ್ತದೆ.

ಕಾಯಕವೆಂಬ ನುಡಿ ಶರಣರ ನಾಡಿನ ನಮಗೆ ಹೊಸದಲ್ಲ. ಆ ನುಡಿಯನ್ನು ಕೇಳದಿದ್ದ ದೂರದೇಶದ ಈ ವೈದ್ಯರ ಬಾಳು ಅದರ ಅರ್ಥಕ್ಕೆ ಹತ್ತಿರವಾಗಿತ್ತು. ಯಂತ್ರಗಳು ಇಷ್ಟು ಬೆಳೆದಿದ್ದರೂ ಈ ರೋಗದ ನಿರ್ಣಯ ಇಂದಿಗೂ ಮುಖ್ಯವಾಗಿ ನಿಂತಿರುವುದು, ಎದುರಿಗಿರುವ ಮನುಷ್ಯನ ನಡೆಯನ್ನು ಸಾವಧಾನದಿಂದ ನೋಡುವ ವೈದ್ಯನ ಕಣ್ಣಿನ ಮೇಲೆ. ಅಂತಹ ಕಣ್ಣನ್ನು ಎಳೆಯರಲ್ಲಿ ತೆರೆಯಿಸುವುದು ಪಾಠಶಾಲೆಯ ಕೆಲಸ.