ಡಗ್ಲಸ್ ನಿಕೊಲ್ಸ್ ಬೋಧಕರ ಚರಿತ್ರೆ

ಆಸ್ಟ್ರೇಲಿಯ ಖಂಡದಲ್ಲಿ ಬಿಳಿಯರು ಬಂದು ನೆಲೆಗೊಳ್ಳುವದಕ್ಕೆ ಸಾವಿರಾರು ವರುಷಗಳ ಮುಂಚಿನಿಂದ ವಾಸವಾಗಿರುವ ಮೂಲನಿವಾಸಿಗಳುಂಟು. ಅವರ ನೆಲವು ಅವರ ಕೈಬಿಟ್ಟುಹೋದ ತರುವಾಯ, ಅವರಲ್ಲಿ ಅನೇಕರನ್ನು ಸರಕಾರದ ವಸತಿಗಳಲ್ಲಿಯೂ ಮಿಶನ್ ಊರುಗಳಲ್ಲಿಯೂ ಇರಿಸಿ, ಅವರ ಹೋಗು ಬರುವಿಕೆಯನ್ನು ಸಹ ಅಧಿಕಾರಿಗಳೇ ನಿರ್ಣಯಿಸುತ್ತಿದ್ದ ಕಾಲವೊಂದಿತ್ತು. ಆ ಜನರಲ್ಲಿ ಹುಟ್ಟಿ, ಕಾಲ್ಚೆಂಡಿನ ಆಟಗಾರನೆಂದು ಹೆಸರುಗೊಂಡು, ಸಭೆಯ ಬೋಧಕನಾಗಿ, ಮುಪ್ಪಿನಲ್ಲಿ ಒಂದು ಪ್ರಾಂತಕ್ಕೆ ಗವರ್ನರನಾದ ಡಗ್ಲಸ್ ನಿಕೊಲ್ಸ್ ಎಂಬವರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಡಗ್ಲಸನು 1906ನೆಯ ಇಸವಿ ದಶಂಬರ 9ನೆಯ ತಾರೀಖಿನಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತದ ಕಮ್ಮೆರಗುಂಜ ಎಂಬ ವಸತಿಯಲ್ಲಿ ಹುಟ್ಟಿದನು. ಅದು ಮರ್ರೆ ಎಂಬ ಮಹಾನದಿಯ ದಡದಲ್ಲಿರುವದು. ಇವನ ಜನರಿಗೆ ಯೋರ್ಟ ಯೋರ್ಟರೆಂದು ಹೆಸರು. ಐವರು ಮಕ್ಕಳಲ್ಲಿ ಇವನೇ ಕಿರಿಯವನು. ಆ ಊರಿನ ಶಾಲೆಯಲ್ಲಿ ಬಹು ವರುಷ ಉಪಾಧ್ಯಾಯರಾಗಿದ್ದ ತೋಮಸ್ ಶದ್ರಕ್ ಜೇಮ್ಸ್ ಎಂಬವರು ಮಾರಿಷಸ್ ದ್ವೀಪದಲ್ಲಿ ಹುಟ್ಟಿದ ಭಾರತೀಯ ವಂಶದವರು. ಮೂಲನಿವಾಸಿಗಳ ಹಕ್ಕುಗಳಿಗಾಗಿ ಮುಂದೆ ಧೈರ್ಯದಿಂದ ಎದ್ದುನಿಂತ ಹಲವರು ಇವರ ಕೈಕೆಳಗೆ ಅಕ್ಷರ ಕಲಿತವರೇ. ನಮ್ಮ ದೇಶದ ರಕ್ತವುಳ್ಳವನೊಬ್ಬನು ಅಷ್ಟು ದೂರದಲ್ಲಿ ಹೀಗೆ ಬೀಜ ಬಿತ್ತಿದನೆಂಬದು ನಮಗೆ ಸಂತೋಷದ ಸಂಗತಿ.

ಬಾಲಕನಿಗೆ ಎಂಟು ವರುಷವಾಗಿದ್ದಾಗ ಪೋಲೀಸರು ಬಂದು, ಹದಿನಾರು ವರುಷದ ಅವನ ಅಕ್ಕ ಹಿಲ್ಡಾ ಎಂಬವಳನ್ನು ಬಲಾತ್ಕಾರದಿಂದ ಕರಕೊಂಡುಹೋದರು. ಮೂಲನಿವಾಸಿ ಹುಡುಗಿಯರನ್ನು ಮನೆಗೆಲಸಕ್ಕೆ ತಯಾರಿಸುವ ಕೂಟಮಂಡ್ರದ ವಸತಿಗೃಹಕ್ಕೆ ಅವಳನ್ನು ಸೇರಿಸಿದರು. ಇದು ಆ ಕಾಲದ ಕಾನೂನಿಗೆ ವಿರೋಧವಾದದ್ದಲ್ಲ, ಕಾನೂನೇ ಹಾಗಿತ್ತು. ಡಗ್ಲಸನು ಚಿಕ್ಕ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ಕುರಿಗಳ ದೊಡ್ಡ ಹೊಲಮನೆಗಳಲ್ಲಿ ಕೂಲಿಗೆ ಸೇರಿದನು. ಉಣ್ಣೆ ಕತ್ತರಿಸುವಾಗ ಕುರಿಗೆ ಗಾಯವಾದರೆ ಅದರ ಮೇಲೆ ಟಾರು ಹಚ್ಚುವದು ಅವನ ಕೆಲಸ.

ಆ ದೇಶದ ಕಾಲ್ಚೆಂಡಿನಾಟವು ನಮ್ಮ ಹುಡುಗರು ಆಡುವಂಥದಲ್ಲ. ಚೆಂಡು ಮೊಟ್ಟೆಯ ಆಕಾರವುಳ್ಳದ್ದು. ಅದನ್ನು ಕೈಯಲ್ಲಿ ಹಿಡಿಯಲೂ ಬಹುದು, ಹಿಡಿದು ಓಡಲೂ ಬಹುದು. ಒಂದೊಂದು ಪಕ್ಷದಲ್ಲಿ ಹದಿನೆಂಟು ಮಂದಿ ಆಡುವರು. ಆ ಕಾಲದಲ್ಲಿ ಮೆಲ್ಬರ್ನ್ ಪಟ್ಟಣದ ತಂಡಗಳು ಆಟಗಾರರಿಗೆ ಹಣ ಕೊಡುತ್ತಿದ್ದವು, ಕೆಲವೊಮ್ಮೆ ಉದ್ಯೋಗವನ್ನೂ ದೊರಕಿಸಿಕೊಡುತ್ತಿದ್ದವು. ಡಗ್ಲಸನ ಎತ್ತರ ಐದು ಅಡಿ ಎರಡು ಅಂಗುಲ ಮಾತ್ರ. ಆದರೆ ಅವನು ಓಡಿದರೆ ಹಿಡಿಯುವವರು ವಿರಳ. ಹಳ್ಳಿಯ ತಂಡಗಳಲ್ಲಿ ಹೆಸರು ಪಡೆದು, 1927ರಲ್ಲಿ ಮೆಲ್ಬರ್ನಿನ ಕಾರ್ಲ್ಟನ್ ಎಂಬ ಹೆಸರಾಂತ ತಂಡಕ್ಕೆ ಸೇರಬೇಕೆಂದು ಹೋದನು.

ಅಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನಿಸಿ ಹೇಳಬೇಕು. ಆಟದ ಮುಂಚೆಯೂ ತರುವಾಯವೂ ಆಟಗಾರರ ಕೈಕಾಲುಗಳಿಗೆ ಎಣ್ಣೆ ಹಚ್ಚಿ ತಿಕ್ಕುವ ಸೇವಕರು ಆ ತಂಡಗಳಲ್ಲಿರುತ್ತಾರೆ. ಅವರು ಎಲ್ಲರ ಮೈ ತಿಕ್ಕಿದರು, ಈ ಒಬ್ಬನ ಮೈಯನ್ನು ಮಾತ್ರ ಮುಟ್ಟಲೊಲ್ಲದೆ ಹೋದರು. ಅವನ ಮೈಯಿಂದ ದುರ್ವಾಸನೆ ಬರುತ್ತದೆಂದು ಜೊತೆ ಆಟಗಾರರು ಆಡಿಕೊಂಡರು. ಕಡೆಗೆ ತಂಡದ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಆಟದ ಭರದಲ್ಲಿ ಸಿಟ್ಟಿನಿಂದ ಬಂದ ಮಾತಾಗಿದ್ದರೆ ಅದು ಮೈಯ ಬೆವರಿನ ಸಂಗಡ ಆರಿಹೋಗುತ್ತಿತ್ತೇನೋ. ಇದಾದರೋ ಬಟ್ಟೆ ಬದಲಿಸುವ ಕೋಣೆಯಲ್ಲಿ, ತನ್ನವರೆಂದು ನಂಬಿ ಬಂದವರಿಂದಲೇ, ತಣ್ಣಗೆ ಹೇಳಲ್ಪಟ್ಟ ಮಾತು. ಕ್ಷೌರಿಕನ ಕತ್ತಿ ಮುಟ್ಟದ ಕೇರಿಗಳಿಂದಲೂ, ಕೊಡವನ್ನು ಬಾವಿಯಿಂದ ದೂರ ಇಟ್ಟು ಕಾದ ಮನೆಗಳಿಂದಲೂ ಬಂದ ನಮ್ಮ ಸಭೆಗಳವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಆ ಸೇವಕರೂ ಆಟಗಾರರೂ ಕ್ರೈಸ್ತ ದೇಶವೆಂದು ಹೇಳಿಕೊಳ್ಳುವ ನಾಡಿನಲ್ಲಿ ಬೆಳೆದವರೆಂಬದನ್ನೂ ನಾವು ಮರೆಮಾಡಲಾರೆವು.

ಡಗ್ಲಸನು ಊರಿಗೆ ಹಿಂತಿರುಗದೆ ನಾರ್ತ್‌ಕೋಟ್ ಎಂಬ ಸಣ್ಣ ತಂಡವನ್ನು ಸೇರಿದನು. ಅಲ್ಲಿಯವರು ಅವನಿಗೆ ನಗರಸಭೆಯಲ್ಲಿ ಕೆಲಸವನ್ನೂ ಕೊಡಿಸಿದರು. 1929ರಲ್ಲಿ ಆ ತಂಡವು ತನ್ನ ಪಂದ್ಯಮಾಲೆಯಲ್ಲಿ ಮೊದಲನೆಯದಾಯಿತು. ಅದೇ ವರುಷ ನಯಾ, ವಾರಕ್‌ನಬೀಲ್ ಎಂಬ ಊರುಗಳ ಓಟದ ಪಂದ್ಯಗಳಲ್ಲಿ ಬಹುಮಾನದ ಹಣ ಗೆದ್ದನು. ಆಟವಿಲ್ಲದ ತಿಂಗಳುಗಳಲ್ಲಿ ಊರೂರು ತಿರುಗುವ ಗುದ್ದಾಟದ ಡೇರೆಯಲ್ಲಿಯೂ ದುಡಿದದ್ದುಂಟು. ಹೊಟ್ಟೆಪಾಡು ಹಾಗಿತ್ತು.

1932ರಲ್ಲಿ ಫಿಟ್ಸ್‌ರಾಯ್ ಎಂಬ ದೊಡ್ಡ ತಂಡವು ಅವನನ್ನು ಕರೆಯಿತು. ಹಿಂದಿನ ಅವಮಾನವು ಮನಸ್ಸಿನಲ್ಲಿದ್ದದರಿಂದ ಅವನು ಕೋಣೆಯ ಒಂದು ಮೂಲೆಯಲ್ಲಿ ಒಂಟಿಯಾಗಿ ಬಟ್ಟೆ ಬದಲಿಸಲು ಕೂತನು. ಆಗ ಹೇಡನ್ ಬಂಟನ್ ಎಂಬಾತನು ತನ್ನ ಬಟ್ಟೆಬರೆಗಳನ್ನು ಎತ್ತಿಕೊಂಡು ಬಂದು ಅವನ ಪಕ್ಕದಲ್ಲಿ ಕೂತನು. ಈ ಬಂಟನನು ಆ ಕಾಲದ ಆಟಗಾರರಲ್ಲಿ ಅಗ್ರಗಣ್ಯ. ಅತ್ಯುತ್ತಮ ಆಟಗಾರನಿಗೆ ಸಲ್ಲುವ ಪದಕವನ್ನು ಮೂರು ಸಾರಿ ಪಡೆದವನು. ಅವನು ಕೂತ ಮೇಲೆ ಉಳಿದವರೂ ಹತ್ತಿರ ಬಂದರು. ಬಂಟನನು ದೊಡ್ಡ ಭಾಷಣವನ್ನೇನೂ ಮಾಡಲಿಲ್ಲ, ಎದ್ದು ಬಂದು ಕೂತನು, ಅಷ್ಟೇ. ಡಗ್ಲಸನು ಆ ತಂಡಕ್ಕಾಗಿ 54 ಪಂದ್ಯಗಳನ್ನಾಡಿದನು. 1935ರಲ್ಲಿ ವಿಕ್ಟೋರಿಯ ಪ್ರಾಂತದ ತಂಡಕ್ಕೆ ಆರಿಸಲ್ಪಟ್ಟವರಲ್ಲಿ ಮೂಲನಿವಾಸಿಗಳ ಪೈಕಿ ಇವನೇ ಮೊದಲನೆಯವನು. ಆದರೂ ಬೇಲಿಯಾಚೆಯಿಂದ ಹೀನ ಹೆಸರುಗಳ ಕೂಗು ನಿಲ್ಲಲಿಲ್ಲ. ಪತ್ರಿಕೆಗಳವರು ಅವನ ವೇಗವನ್ನು ಹೊಗಳುವಾಗಲೂ ಅವನ ಜನಾಂಗದ ಹೆಸರನ್ನು ಮೊಟಕುಮಾಡಿ ಅಡ್ಡಹೆಸರಿನಂತೆ ಬಳಸುತ್ತಿದ್ದರು. ಹೊಗಳಿಕೆಯಲ್ಲಿಯೂ ಮುಳ್ಳಿರಬಹುದೆಂದು ಅವರಿಗೆ ತೋಚಲಿಲ್ಲ.

ತಾಯಿಯ ಮರಣದ ನಂತರ ಡಗ್ಲಸನ ಮನಸ್ಸು ಬಾಲ್ಯದಲ್ಲಿ ಕೇಳಿದ ಸುವಾರ್ತೆಯ ಕಡೆಗೆ ತಿರುಗಿತು. ನಾರ್ತ್‌ಕೋಟಿನ ಸಭೆಯಲ್ಲಿ ದೀಕ್ಷಾಸ್ನಾನ ಹೊಂದಿದನು. ಮೊಣಕಾಲಿನ ನೋವಿನಿಂದ ಆಟವು ಕಡಿಮೆಯಾಗುತ್ತ ಬಂದಂತೆ ಉಪದೇಶವು ಹೆಚ್ಚಿತು. ಆಟಗಾರನನ್ನು ನೋಡಬೇಕೆಂದು ಬಂದವರು ಉಪದೇಶಿಯ ಮಾತು ಕೇಳಿ ಹೋದರು. 1938ರ ಜನವರಿ 26ರಂದು, ಬಿಳಿಯರು ನೆಲೆಗೊಂಡ 150ನೆಯ ವರುಷದ ಉತ್ಸವವು ಸಿಡ್ನಿಯಲ್ಲಿ ನಡೆಯುತ್ತಿರಲು, ಮೂಲನಿವಾಸಿಗಳು ಅದೇ ಪಟ್ಟಣದಲ್ಲಿ ದುಃಖದ ದಿನವನ್ನು ಆಚರಿಸಿದರು. ತನ್ನ ಬಂಧುವೂ ಹಿರಿಯನೂ ಆದ ವಿಲಿಯಮ್ ಕೂಪರನೊಂದಿಗೆ ಡಗ್ಲಸನೂ ಆ ಕೂಟದಲ್ಲಿದ್ದನು.

ಯುದ್ಧಕಾಲದಲ್ಲಿ ಸೈನ್ಯಕ್ಕೆ ಸೇರಿದ್ದ ಇವರನ್ನು ಫಿಟ್ಸ್‌ರಾಯಿನ ಪೋಲೀಸರೇ ಕೇಳಿಕೊಂಡು ಬಿಡಿಸಿಕೊಂಡರು. ಯಾಕಂದರೆ ಆ ಕೇರಿಯಲ್ಲಿ ಕುಡಿತದಲ್ಲಿಯೂ ಜೂಜಿನಲ್ಲಿಯೂ ಕೆಟ್ಟುಹೋಗುತ್ತಿದ್ದ ಮೂಲನಿವಾಸಿಗಳನ್ನು ವಿಚಾರಿಸಲು ಇವರಷ್ಟು ತಕ್ಕವರು ಬೇರೆ ಯಾರೂ ಸಿಕ್ಕಲಿಲ್ಲ. ಒಮ್ಮೆ ಪೋಲೀಸರ ಕೈ ಇವರ ಅಕ್ಕನನ್ನು ಒಯ್ದಿತ್ತೆಂಬದನ್ನು ವಾಚಕರು ಮರೆತಿರಲಾರರು. 1942ರಲ್ಲಿ ತಮ್ಮ ಅಣ್ಣನ ವಿಧವೆಯಾದ ಗ್ಲಾಡಿಸ್ ಎಂಬಾಕೆಯನ್ನು ಮದುವೆಯಾಗಿ ಅವಳ ಮಕ್ಕಳಿಗೂ ತಂದೆಯಾದರು. 1943ರಲ್ಲಿ ಗೋರ್ ಬೀದಿಯಲ್ಲಿ ಮೂಲನಿವಾಸಿಗಳ ಸಭೆಯು ಪ್ರಾರಂಭವಾಗಲು ಇವರೇ ಅದರ ಬೋಧಕರಾದರು. 1957ರಲ್ಲಿ ಮೂಲನಿವಾಸಿಗಳ ಅಭಿವೃದ್ಧಿ ಸಂಘವನ್ನು ಸ್ಥಾಪಿಸಿದವರಲ್ಲಿ ಒಬ್ಬರು. ಲೇಕ್ ಟೈಯರ್ಸ್ ಎಂಬ ವಸತಿಯನ್ನು ಮುಚ್ಚಬೇಕೆಂದು ಸರಕಾರವು ಯೋಚಿಸಿದಾಗ, 1963ರಲ್ಲಿ ತಾವಿದ್ದ ಸರಕಾರೀ ಮಂಡಲಿಯ ಸ್ಥಾನವನ್ನು ಬಿಟ್ಟುಬಿಟ್ಟರು. ಮುಂದೆ 1970ರ ಕಾನೂನಿನಿಂದ ಆ ಭೂಮಿಯು ಅಲ್ಲಿಯ ನಿವಾಸಿಗಳಿಗೇ ದೊರಕಿತು.

ಇವರು ಬಿಳಿಯರೊಂದಿಗೆ ಬಹು ಮೃದುವಾಗಿ ನಡೆದುಕೊಳ್ಳುವರೆಂದು 1960ರ ದಶಕದ ಕಡೆಯಲ್ಲಿ ಸ್ವಜನರ ಯೌವನಸ್ಥರೇ ದೂರಿದರು. ಆ ದೂರಿನಲ್ಲಿ ಸ್ವಲ್ಪ ಹುರುಳಿದ್ದಿರಬಹುದು. ಆದರೆ ಬೇಡವೆಂದು ಮೂಲೆಗೆ ತಳ್ಳಲ್ಪಟ್ಟ ಮೇಲೆಯೂ ಅದೇ ಪಟ್ಟಣದಲ್ಲಿ ನಿಂತು ಕೆಲಸ ಮಾಡಿದವನ ಮೃದುತ್ವವು ಅಂಜುಬುರುಕತನವಲ್ಲವೆಂದು ನಮ್ಮ ಎಣಿಕೆ. 1972ರಲ್ಲಿ ಇವರಿಗೆ ನೈಟ್ ಪದವಿಯು ದೊರಕಿತು. ಮೂಲನಿವಾಸಿಗಳಲ್ಲಿ ಇದನ್ನು ಹೊಂದಿದವರು ಇವರೇ ಮೊದಲಿಗರು. 1976ರ ದಶಂಬರದಲ್ಲಿ ದಕ್ಷಿಣ ಆಸ್ಟ್ರೇಲಿಯ ಪ್ರಾಂತದ ಗವರ್ನರರಾದರು. ಸ್ವಲ್ಪ ದಿವಸಗಳಲ್ಲಿಯೇ ಪಾರ್ಶ್ವವಾಯು ಬಡಿದದರಿಂದ 1977ರ ಏಪ್ರಿಲಿನಲ್ಲಿ ಆ ಸ್ಥಾನವನ್ನು ಬಿಡಬೇಕಾಯಿತು. 1988ನೆಯ ಇಸವಿ ಜೂನ್ 4ರಂದು ತೀರಿಹೋದರು. ಸರಕಾರದ ಗೌರವದೊಂದಿಗೆ ಉತ್ತರಕ್ರಿಯೆಯು ನಡೆದು, ಶವವು ಕಮ್ಮೆರಗುಂಜದ ಮಣ್ಣಿನಲ್ಲಿಯೇ ಹೂಳಲ್ಪಟ್ಟಿತು.

ಬೇಲಿಯಾಚೆಯ ಕೂಗು ಇವರ ಸಂಗಡ ಹೂಳಲ್ಪಡಲಿಲ್ಲ. 1993ರ ಏಪ್ರಿಲಿನಲ್ಲಿ ನಿಕ್ಕಿ ವಿನ್ಮಾರ್ ಎಂಬ ಮೂಲನಿವಾಸಿ ಆಟಗಾರನು ಪಂದ್ಯ ಮುಗಿದ ಕೂಡಲೆ, ತನ್ನನ್ನು ಹಳಿದ ಜನಸಮೂಹದ ಎದುರಿಗೆ ಅಂಗಿಯನ್ನೆತ್ತಿ ತನ್ನ ಕಪ್ಪು ಚರ್ಮವನ್ನು ಬೆರಳಿನಿಂದ ತೋರಿಸಿದನು. 1995ರಲ್ಲಿ ಮೈಕೆಲ್ ಲಾಂಗ್ ಎಂಬಾತನು ದೂರು ಕೊಟ್ಟದರಿಂದ, ಆಟಗಾರರು ಒಬ್ಬರನ್ನೊಬ್ಬರು ಜಾತಿವರ್ಣವೆತ್ತಿ ಬೈಯಬಾರದೆಂಬ ನಿಯಮವು ಹುಟ್ಟಿತು. 2013ರಲ್ಲಿ ಹದಿಮೂರು ವರುಷದ ಹುಡುಗಿಯೊಬ್ಬಳು ಆಡಮ್ ಗೂಡ್ಸ್ ಎಂಬ ಶ್ರೇಷ್ಠ ಆಟಗಾರನನ್ನು ಮಂಗಕ್ಕೆ ಹೋಲಿಸಿ ಕೂಗಿದಳು. ಆ ಮಗುವನ್ನು ಯಾರೂ ನಿಂದಿಸಬಾರದೆಂದು ಗೂಡ್ಸನೇ ಕೇಳಿಕೊಂಡನು. ಹೀಗಿದ್ದರೂ 2015ರಲ್ಲಿ ಪಂದ್ಯದ ಮೇಲೆ ಪಂದ್ಯ ಜನರು ಊಳಿಟ್ಟು ಅವನನ್ನು ಹಳಿಯಲಾಗಿ, ಅವನು ಆ ವರುಷವೇ ಆಟವನ್ನು ಬಿಟ್ಟನು. ಆಟದ ಮಂಡಲಿಯೂ ತಂಡಗಳೂ ಅವನ ಕ್ಷಮೆ ಬೇಡಿದ್ದು 2019ರಲ್ಲಿ.

ಮೂಲನಿವಾಸಿಗಳ ಗೌರವಾರ್ಥವಾಗಿ ವರುಷಕ್ಕೊಮ್ಮೆ ನಡೆಯುವ ಪಂದ್ಯಗಳಿಗೆ 2016ರಿಂದ ನಿಕೊಲ್ಸರ ಹೆಸರನ್ನು ಇಟ್ಟಿದ್ದಾರೆ. ಫಿಟ್ಸ್‌ರಾಯ್ ತಂಡವು 1996ರ ತರುವಾಯ ಬೇರೊಂದು ತಂಡದೊಂದಿಗೆ ಕೂಡಿಹೋಯಿತು. ಆ ಹೆಸರಿನ ಪಂದ್ಯಗಳಲ್ಲಿ ಆಡುವ ತಂಡಗಳೊಳಗೆ ಕಾರ್ಲ್ಟನ್ ತಂಡವೂ ಒಂದು.