ಸಂಚಿ ಹಿಡಿದ ಕೈ ಕಲಿಸುವ ಹೊಂದಾಣಿಕೆ

ಮದುವೆಯಾಗಿ ಹೊರಟ ಹುಡುಗಿಗೆ ನಮ್ಮ ಕಡೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ ಅನ್ನೋದು! ಅತ್ತೆಗೆ ಸಾರು ಹುಳಿಯಿರಬೇಕು, ಗಂಡನಿಗೆ ಖಾರವಿರಬೇಕು, ಮಗುವಿಗೆ ಎರಡೂ ಬೇಡ. ಹೊಂದಿಕೊಳ್ಳುವ ಸರದಿ ಮಾತ್ರ ಯಾವಾಗಲೂ ನಿಮ್ಮದೇ, ಅಲ್ವೇ? ಹಾಗಾದರೆ ಎಲ್ಲಿಯವರೆಗೆ ಹೊಂದಿಕೊಳ್ಳಬೇಕು, ಎಲ್ಲಿ ನಿಲ್ಲಬೇಕು? ಇದಕ್ಕೆ ಉತ್ತರ ಹುಡುಕುವಾಗ 300 ವರ್ಷಗಳ ಹಿಂದಿನ ನಮ್ಮದೇ ಸೀಮೆಯ ಒಬ್ಬ ಹೆಣ್ಣುಮಗಳನ್ನು ನೆನೆಯಬೇಕು. ಆಕೆ ಸಂಚಿ ಹೊನ್ನಮ್ಮ.

ಹೊನ್ನಮ್ಮ ಇವತ್ತಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನವಳು. ಬಳೆ ಮಂಟಪ ನೋಡಲು ನೀವು ಯಳಂದೂರಿನ ಗೌರೀಶ್ವರ ದೇವಸ್ಥಾನಕ್ಕೆ ಹೋಗಿರಬಹುದು. ಅದೇ ಊರು. ಆಕೆಯ ಕಾಲದಲ್ಲಿ ಚಾಮರಾಜನಗರಕ್ಕೆ ಆ ಹೆಸರೇ ಇರಲಿಲ್ಲ, ಅದು ಅರಿಕುಠಾರವಾಗಿತ್ತು. ಯಳಂದೂರಿನ ಪ್ರಭುಗಳ ಮನೆಯ ಮಗಳು ದೇವಾಜಮ್ಮಣ್ಣಿ ಮೈಸೂರಿನ ಚಿಕ್ಕದೇವರಾಜ ಒಡೆಯರ ರಾಣಿಯಾದರು. ಅದೇ ಊರಿನ ಹೊನ್ನಮ್ಮ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದಳು. ನಮ್ಮ ಅಜ್ಜಿಯರ ಸೊಂಟದಲ್ಲಿ ಇರುತ್ತಿತ್ತಲ್ಲ, ಅದೇ ಸಂಚಿ. ಕೆಲಸವೇ ಆಕೆಯ ಹೆಸರಿಗೆ ಅಂಟಿಕೊಂಡಿತು.

ಚಿಕ್ಕದೇವರಾಜರಿಗೂ ಈ ಸೀಮೆಗೂ ಹಳೆಯ ನಂಟು. 1673ರಲ್ಲಿ ಪಟ್ಟಕ್ಕೆ ಬರುವ ಮೊದಲು ಅವರು ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿ ಇದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಗುಂಡ್ಲುಪೇಟೆಯ ಪರವಾಸುದೇವ ದೇವಸ್ಥಾನ ಅವರು ತಂದೆಯ ನೆನಪಿಗೆ ಕಟ್ಟಿಸಿದ್ದು. 1704ರವರೆಗೆ ಆಳಿದ ಈ ಅರಸರು ಸ್ವತಃ ಸಾಹಿತ್ಯಪ್ರೇಮಿ.

ಹೊನ್ನಮ್ಮನಿಗೆ ಗುರುವಾಗಿದ್ದವರು ಆಸ್ಥಾನದ ವಿದ್ವಾಂಸ ಅಳಸಿಂಗರಾರ್ಯರು. ಊಳಿಗದವಳಿಗೆ ಓದು ಯಾಕೆ ಅಂತ ಅವರು ಅನ್ನಲಿಲ್ಲ. ರಾಣಿಯೂ ಅಷ್ಟೇ, ಆಕೆಯ ಪ್ರತಿಭೆಯನ್ನು ಮುಚ್ಚಿಡದೆ ಅರಸರ ಕಿವಿಗೆ ಹಾಕಿದರು. ಅರಮನೆಯ ಪ್ರೋತ್ಸಾಹದಿಂದ ಹೊನ್ನಮ್ಮ ಬರೆದ ಕೃತಿಯೇ ಹದಿಬದೆಯ ಧರ್ಮ. ಹದಿಬದೆ ಅಂದರೆ ಪತಿವ್ರತೆ. ಹಾಡಲು ಸುಲಭವಾದ ಸಾಂಗತ್ಯದಲ್ಲಿ 9 ಸಂಧಿಗಳ ಕಾವ್ಯ.

ಇಲ್ಲೊಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಇವತ್ತು ಓದಿದರೆ ಆ ಪುಸ್ತಕದ ಎಷ್ಟೋ ಮಾತು ನಮಗೆ ಹಿಡಿಸೋದಿಲ್ಲ. ಗಂಡನೇ ದೈವ, ಅವನ ಮನಸ್ಸರಿತು ನಡೆಯಬೇಕು ಅನ್ನುವ ಆ ಕಾಲದ ನೀತಿಯೇ ಅದರ ತುಂಬ. ಹೊಂದಾಣಿಕೆಯ ಭಾರವೆಲ್ಲ ಹೆಂಡತಿಯ ತಲೆ ಮೇಲೆ! ಆದರೆ ಅದೇ ಪುಸ್ತಕದಲ್ಲಿ ಹೆಣ್ಣೆಂದು ಹೀಗಳೆಯುವವರ ಮೇಲೆ ಹೊನ್ನಮ್ಮ ಸಿಡಿದೇಳುತ್ತಾಳೆ. ಹೆತ್ತವಳು ಹೆಣ್ಣು, ಸಾಕಿದವಳು ಹೆಣ್ಣು, ಮತ್ತೆ ಹೆಣ್ಣು ಅಂದರೆ ಯಾಕೆ ತಾತ್ಸಾರ ಎಂದು ಕೇಳುತ್ತಾಳೆ. ಗಂಡು ಹುಟ್ಟಿದರೆ ಬಂದ ಲಾಭವೇನು, ಹೆಣ್ಣು ಹುಟ್ಟಿದರೆ ಆದ ನಷ್ಟವೇನು ಎಂಬುದೂ ಆಕೆಯದೇ ಪ್ರಶ್ನೆ.

ಯೋಚಿಸಿ ನೋಡಿ. ಅರಮನೆಯ ಅನ್ನ ತಿನ್ನುವ ಊಳಿಗದವಳು. ಕಾಲದ ನೀತಿಗೆ ಹೊಂದಿಕೊಂಡಳು, ಗುರುಹಿರಿಯರಿಗೆ ತಲೆಬಾಗಿದಳು. ಆದರೆ ಹೆಣ್ಣುಜನ್ಮ ಕೀಳು ಅನ್ನುವ ಮಾತಿಗೆ ಮಾತ್ರ ತಲೆಯಾಡಿಸಲಿಲ್ಲ. ಬಗ್ಗಬಹುದಾದ ಕಡೆ ಬಗ್ಗಿ, ಬಗ್ಗಬಾರದ ಕಡೆ ನೆಟ್ಟಗೆ ನಿಂತಳು.

ನಮ್ಮ ಮನೆಗಳಿಗೂ ಇದೇ ಅಳತೆ ಸಾಕು. ಸಾರಿನ ರುಚಿ, ಟಿವಿ ಚಾನೆಲ್, ಹಬ್ಬಕ್ಕೆ ಯಾರ ಮನೆ ಮೊದಲು... ಇವೆಲ್ಲ ರುಚಿ, ಅಭ್ಯಾಸದ ವಿಷಯ. ಇವತ್ತು ನೀವು ಸೋತರೆ ನಾಳೆ ಅವರು ಸೋಲಲಿ. ಸೋಲುವ ಸರದಿ ಎಂದೂ ನಿಮ್ಮದೇ ಆಗಿದ್ದರೆ ಮನಸ್ಸಿನಲ್ಲಿಟ್ಟುಕೊಂಡು ಕೊರಗಬೇಡಿ. ಊಟ ಮುಗಿದು ಎಲ್ಲರೂ ಸಮಾಧಾನವಾಗಿರುವಾಗ ಹೇಳಿಬಿಡಿ. ಹಳೆಯ ಲೆಕ್ಕವೆಲ್ಲ ತೆಗೆಯದೆ, ಒಂದೇ ವಿಷಯ ಮಾತಾಡಿ.

ಆದರೆ ನಿಮ್ಮ ಓದು, ದುಡಿಮೆ, ತವರಿನ ನಂಟು, ಹೆಣ್ಣುಮಗುವಿನ ಭವಿಷ್ಯ ಬಂದಾಗ ಅಡ್ಜಸ್ಟ್ ಅನ್ನುವ ಮಾತಿಗೆ ಅವಸರದಲ್ಲಿ ಹೂಂ ಅನ್ನಬೇಡಿ. ಕೈ ಎತ್ತುವುದು, ದಿನವೂ ಹಂಗಿಸುವುದು ಹೊಂದಾಣಿಕೆಯ ವಿಷಯವೇ ಅಲ್ಲ. ಅದಕ್ಕೆಂದೇ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, 181 ಮಹಿಳಾ ಸಹಾಯವಾಣಿ ಇದೆ.

ಇನ್ನೊಂದು ಪಾಠವೂ ಇದೆ. ಹೊನ್ನಮ್ಮ ಬೆಳಕಿಗೆ ಬಂದದ್ದು ಇನ್ನೊಬ್ಬ ಹೆಣ್ಣು ಆಕೆಯ ಪರ ಮಾತಾಡಿದ್ದರಿಂದ. ನಿಮ್ಮ ಮನೆಯಲ್ಲಿ ಸೊಸೆ ಇರಬಹುದು, ನಾದಿನಿ ಇರಬಹುದು, ಕೆಲಸಕ್ಕೆ ಬರುವ ಹುಡುಗಿ ಇರಬಹುದು. ಆಕೆಗೆ ಹೊಂದಿಕೊಂಡು ಹೋಗು ಅನ್ನುವ ಮೊದಲು, ನಿನಗೇನು ಬೇಕಮ್ಮ ಎಂದು ಒಮ್ಮೆ ಕೇಳಿ ನೋಡಿ.