ಅಂಗಳ ದಾಟಿದ ರೈಲು

ಮೌದಾದಲ್ಲಿ ಮೇ ತಿಂಗಳ ಬಿಸಿಲು ಮುಗಿಯುವಷ್ಟರಲ್ಲಿ ನನ್ನ ಎಂಜಿನ್ನಿನ ಬಣ್ಣ ಹಪ್ಪಳದಂತೆ ಎದ್ದಿರುತ್ತದೆ. ನಾಗಪುರದಿಂದ ಭಂಡಾರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಇದು. ಹೊರಗಿನವರಿಗೆ ಗೊತ್ತಿರುವುದು ಇಲ್ಲಿನ ಉಷ್ಣ ವಿದ್ಯುತ್ ಸ್ಥಾವರದಿಂದ. ಸ್ಥಾವರಕ್ಕೆ ಕಲ್ಲಿದ್ದಲು ತರುವ ಗೂಡ್ಸ್ ರೈಲು ದೊಡ್ಡದು. ನನ್ನ ಮನೆಯ ಹಿಂದಿನ ಅಂಗಳದಲ್ಲಿ ತುಳಸಿಕಟ್ಟೆ, ನಿಂಬೆಗಿಡಗಳನ್ನು ಸುತ್ತಿ ಬರುವ ರೈಲು ಚಿಕ್ಕದು. ಅದರ ಹಳಿಯ ಉದ್ದ 11 ಮೀಟರ್, ಅಗಲ 32 ಮಿಲಿಮೀಟರ್.

ಈ 32ರ ಹಿಂದೆ ಒಂದು ಲೆಕ್ಕವಿದೆ. ನಿಜವಾದ ರೈಲಿನ 1 ಅಡಿಯನ್ನು ಮಾದರಿಯಲ್ಲಿ 16 ಮಿಲಿಮೀಟರ್ ಎಂದು ಇಟ್ಟುಕೊಂಡರೆ 32 ಮಿಲಿಮೀಟರ್ ಹಳಿ ಎಂದರೆ 2 ಅಡಿ ಅಗಲದ ನ್ಯಾರೋಗೇಜ್. ನಮ್ಮ ತರೀಕೆರೆ–ನರಸಿಂಹರಾಜಪುರದ ನಡುವೆ ಓಡುತ್ತಿದ್ದ ಪುಟ್ಟ ರೈಲು ಇದೇ ಅಳತೆಯದು. ಗ್ವಾಲಿಯರ್‌ನದೂ ಅಷ್ಟೇ. 1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು ಕತ್ತರಿಸಿ, ನಾಗಪುರದ ಒಂದು ಲೇತ್ ಅಂಗಡಿಯಲ್ಲಿ ಚಕ್ರ ಕಡೆಸಿ, ಗೂಡ್ಸ್ ಡಬ್ಬಿಯೊಳಗೆ ಬ್ಯಾಟರಿ ಅಡಗಿಸಿ ನಾನು ಮಾಡಿಕೊಂಡಿರುವುದು ಗ್ವಾಲಿಯರ್ ರೈಲಿನ ಮಾದರಿ.

ಕಟ್ಟುವುದಕ್ಕಿಂತ ಕಾಪಾಡುವುದೇ ಕಷ್ಟ. ಇಲ್ಲಿನದು ಎರೆಮಣ್ಣು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ; ಹಳಿ ಹಾವಿನಂತೆ ಎದ್ದು ಬೀಳುತ್ತದೆ. ತಾಪಮಾನ 40 ಡಿಗ್ರಿಯಷ್ಟು ಏರಿದರೆ 11 ಮೀಟರ್ ಅಲ್ಯೂಮಿನಿಯಂ ಸುಮಾರು 1 ಸೆಂಟಿಮೀಟರ್ ಹಿಗ್ಗುತ್ತದೆ. ಮೊದಲ ವರ್ಷ ನಾನು ಸಂದು ಬಿಡದೆ ಜೋಡಿಸಿ ಪಾಠ ಕಲಿತೆ. ಇನ್ನು ಬಣ್ಣ. ಅಲ್ಯೂಮಿನಿಯಂ ಮೇಲೆ ಸಾಮಾನ್ಯ ಪ್ರೈಮರ್ ನಿಲ್ಲುವುದಿಲ್ಲ. ಲೋಹವನ್ನು ಕಚ್ಚಿ ಹಿಡಿಯುವ ಬೇರೆ ಪ್ರೈಮರ್ ಬೇಕು. ಹಳೆಯ ಬಣ್ಣವನ್ನು ಉಜ್ಜುಕಾಗದದಿಂದ ಪೂರ್ತಿ ತೆಗೆದು, ಬೆರಳಿನ ಜಿಡ್ಡು ಕೂಡ ಉಳಿಯದಂತೆ ಒರೆಸಿ, ತೆಳ್ಳಗೆ ಮೂರು ನಾಲ್ಕು ಸಲ ಹೊಡೆಯಬೇಕು. ಒಮ್ಮೆಲೇ ದಪ್ಪ ಹೊಡೆದರೆ ಇಳಿಯುತ್ತದೆ. ಪ್ರತಿ ಜೂನ್‌ನಲ್ಲಿ ನನ್ನ ನಾಲ್ಕು ಭಾನುವಾರ ಇದಕ್ಕೇ ಹೋಗುತ್ತವೆ.

ಇಷ್ಟೆಲ್ಲ ಯಾಕೆ, ಹಾಲ್‌ನ ಗಾಜಿನ ಬೀರುವಿನಲ್ಲಿ ಇಟ್ಟುಬಿಡಬಾರದೇ ಎಂದು ನನ್ನ ಹೆಂಡತಿ ಕೇಳುತ್ತಲೇ ಇರುತ್ತಾಳೆ. ನ್ಯಾಯವಾದ ಪ್ರಶ್ನೆ. ಉತ್ತರ ಕೊಡಲು ನನಗೆ ನೂರು ವರ್ಷದ ಹಿಂದೆ ತೀರಿಕೊಂಡ ಒಬ್ಬ ರಾಜನ ಬದುಕು ಬೇಕಾಯಿತು.

ಗ್ವಾಲಿಯರ್‌ನ ಮಹಾರಾಜ ಮಾಧವರಾವ್ ಸಿಂಧಿಯಾ ಹುಟ್ಟಿದ್ದು 1876ರ ಅಕ್ಟೋಬರ್ 20ರಂದು. ನಾವು ಪತ್ರಿಕೆಗಳಲ್ಲಿ ನೋಡಿದ್ದ ರಾಜಕಾರಣಿ ಮಾಧವರಾವ್ ಸಿಂಧಿಯಾ ಇವರ ಮೊಮ್ಮಗ. ತಂದೆ ಜಯಾಜಿರಾವ್‌ಗೂ ರೈಲಿನ ನಂಟಿತ್ತು, ಆದರೆ ಅದು ಸಾಹುಕಾರನ ನಂಟು. ಆಗ್ರಾದಿಂದ ಗ್ವಾಲಿಯರ್‌ಗೆ ರೈಲುಹಾದಿ ಹಾಕಲು ಅವರು 75 ಲಕ್ಷ ರೂಪಾಯಿ ಸಾಲ ಕೊಟ್ಟಿದ್ದರು. 1886ರಲ್ಲಿ ತಂದೆ ತೀರಿಕೊಂಡಾಗ ಮಾಧವರಾವ್‌ಗೆ 9 ವರ್ಷ. ಗಾದಿ ಸಿಕ್ಕಿತು, ಅಧಿಕಾರ ಸಿಗಲಿಲ್ಲ. ಆಡಳಿತ ಮಂಡಳಿಯೊಂದು ರಾಜ್ಯ ನೋಡಿಕೊಂಡಿತು. ಹುಡುಗ ಜಯವಿಲಾಸ ಅರಮನೆಯ ವಿಶಾಲ ಆವರಣದಲ್ಲಿ ಬೆಳೆದ. 1894ರಲ್ಲಿ, 18 ತುಂಬಿದ ಮೇಲೆ ಪೂರ್ಣಾಧಿಕಾರ ಬಂತು.

ಅರಮನೆಯ ಆವರಣದಲ್ಲಿ 2 ಅಡಿ ಅಗಲದ ಹಳಿ ಬಿದ್ದದ್ದು ಅದೇ ದಶಕದಲ್ಲಿ. ಅಂಗಳದ ರೈಲು ಎಂದರೆ ನಮಗೆ ನೆನಪಾಗುವುದು ಕಬ್ಬನ್ ಪಾರ್ಕಿನ ಪುಟಾಣಿ ಎಕ್ಸ್‌ಪ್ರೆಸ್. ಈ ತರುಣ ರಾಜನಿಗೆ ಅಂತಹದು ಮನೆಯಲ್ಲೇ ಇತ್ತು, ಹಬೆ ಎಂಜಿನ್ ಸಮೇತ. ಎಂಜಿನ್ ಓಡಿಸುವುದೆಂದರೆ ಅವರಿಗೆ ಪ್ರಾಣ. ಚಾಲಕನ ಜಾಗದಲ್ಲಿ ನಿಂತು ತಾವೇ ನಡೆಸುತ್ತಿದ್ದರು. ಅತಿಥಿಗಳಿಗೆ ಇದು ರಾಜರ ಶೋಕಿಯಂತೆ ಕಂಡಿರಬೇಕು. ಹುಲಿ ಬೇಟೆ, ಕುದುರೆ, ಮೋಟಾರು ಕಾರು, ಹಾಗೆಯೇ ಇದೂ ಒಂದು.

ಆದರೆ ಹಳಿ ಅಂಗಳದಲ್ಲೇ ನಿಲ್ಲಲಿಲ್ಲ. ಅರಮನೆಯಿಂದ ಹೊರಟು ಊರು ದಾಟಿ ರಾಜ್ಯದೊಳಕ್ಕೆ ನಡೆಯಿತು. 1899ರಲ್ಲಿ ವೈಸ್‌ರಾಯ್ ಲಾರ್ಡ್ ಕರ್ಜನ್ ಬಂದು ಗ್ವಾಲಿಯರ್ ಲೈಟ್ ರೈಲ್ವೆಯನ್ನು ಉದ್ಘಾಟಿಸಿದಾಗ ರಾಜನಿಗೆ 23ರ ಪ್ರಾಯ. ಒಂದು ಕವಲು ಪೂರ್ವಕ್ಕೆ ಭಿಂಡ್ ಕಡೆಗೆ, ಇನ್ನೊಂದು ದಕ್ಷಿಣಕ್ಕೆ ಬೇಸಿಗೆ ರಾಜಧಾನಿ ಶಿವಪುರಿಗೆ. ಮೂರನೆಯದು ಚಂಬಲ್ ಪ್ರದೇಶದ ಕೊರಕಲುಗಳ ಮಗ್ಗುಲಲ್ಲಿ ಜೌರಾ, ಕೈಲಾರಸ್, ಸಬಲ್‌ಗಢ ಹಿಡಿದು, ಈಗ ಚೀತಾಗಳಿಂದ ಹೆಸರಾದ ಕುನೋ ನದಿಯನ್ನು ದಾಟಿ, 1909ರಲ್ಲಿ ಶ್ಯೋಪುರ ತಲುಪಿತು. ಆ ಒಂದು ಹಾದಿಯ ಉದ್ದವೇ 199 ಕಿಲೋಮೀಟರ್. ಜಗತ್ತಿನಲ್ಲಿ 2 ಅಡಿ ಅಗಲದ ಹಳಿಯ ಮೇಲೆ ಇಷ್ಟು ದೂರ ಜನರನ್ನು ಒಯ್ದ ರೈಲುಗಳು ವಿರಳ.

ಇಷ್ಟು ಕಿರಿದಾದ ಹಳಿ ಯಾಕೆ ಎಂಬುದಕ್ಕೆ ಎಂಜಿನಿಯರ್‌ಗಳ ಉತ್ತರ ಸರಳ. ಹಳಿ ಕಿರಿದಾದಷ್ಟೂ ತಿರುವು ಬಿಗಿಯಾಗಿ ತೆಗೆದುಕೊಳ್ಳಬಹುದು, ಏರಿ, ಸೇತುವೆ, ಎಂಜಿನ್ ಎಲ್ಲವೂ ಹಗುರವಾಗುತ್ತವೆ, ಖರ್ಚು ಇಳಿಯುತ್ತದೆ. ಬ್ರಾಡ್‌ಗೇಜ್ ಹಾಕಿದರೆ ಎಂದೂ ಲಾಭ ಕಾಣದ ಬಡ ಸೀಮೆಗೂ ರೈಲು ತಲುಪುತ್ತದೆ. ಇದಕ್ಕೆ ತೆರುವ ಬೆಲೆ ವೇಗ. ಶ್ಯೋಪುರಕ್ಕೆ ಹತ್ತು ಗಂಟೆಗೂ ಮಿಕ್ಕಿ ಹಿಡಿಯುತ್ತಿತ್ತು. ಅಂಗಳದಲ್ಲಿ ಆಡಲು ತಂದ ಅಳತೆಯೇ ನಾಡಿಗೂ ಒಪ್ಪಿದ್ದು ಹೀಗೆ.

ಈ ನಡುವೆ 1906ರಲ್ಲಿ ಮಾಧವರಾವ್ ಇನ್ನೊಂದು ರೈಲು ತರಿಸಿದರು. ಇಂಗ್ಲೆಂಡಿನ ನಾರ್ಥಾಂಪ್ಟನ್‌ನಲ್ಲಿ ಮಾದರಿ ರೈಲುಗಳಿಗೆ ಹೆಸರಾಗಿದ್ದ ಬ್ಯಾಸೆಟ್–ಲೋಕ್ ಕಂಪನಿ ಮಾಡಿಕೊಟ್ಟ ಬೆಳ್ಳಿಯ ರೈಲದು. ಅದರ ಹಳಿ ಭೋಜನದ ಮೇಜಿನ ಮೇಲೆ. ಏಳು ಬೋಗಿ, ಬೋಗಿಗೊಂದರಂತೆ ಮನೆತನದ ಹೆಸರಿನ ಏಳು ಇಂಗ್ಲಿಷ್ ಅಕ್ಷರ. ವಿದ್ಯುತ್ತಿನಿಂದ ಓಡುತ್ತ ಮದ್ಯ, ಚುರುಟುಗಳನ್ನು ಅತಿಥಿಯಿಂದ ಅತಿಥಿಗೆ ಒಯ್ಯುತ್ತಿತ್ತು. ಗಾಜಿನ ಪಾತ್ರೆಯನ್ನು ಎತ್ತಿದರೆ ನಿಲ್ಲುತ್ತಿತ್ತು, ಇಟ್ಟರೆ ಮುಂದೆ ಹೋಗುತ್ತಿತ್ತು. ಸೆನ್ಸರ್ ಎಂಬ ಮಾತು ನಮ್ಮ ಬಾಯಿಗೆ ಬರುವ ಎಷ್ಟೋ ವರ್ಷ ಮೊದಲು.

ಮಾಧವರಾವ್ ಎಂದರೆ ಜಗತ್ತು ನೆನೆಯುವುದು ಈ ಬೆಳ್ಳಿ ರೈಲನ್ನೇ. ಅದು ಅರ್ಧ ಅನ್ಯಾಯ, ಅರ್ಧ ನ್ಯಾಯ. ಕರ್ಜನ್ ಉದ್ಘಾಟನೆಗೆ ಬಂದ ವರ್ಷವೇ ಮಧ್ಯ ಮತ್ತು ಪಶ್ಚಿಮ ಭಾರತದಲ್ಲಿ ಮಳೆ ಕೈಕೊಟ್ಟು ಭೀಕರ ಬರ ಬಿದ್ದಿತ್ತು. ಬೆಳ್ಳಿಗೂ ಹಳಿಗೂ ಹಣ ಬಂದದ್ದು ರೈತರ ಕಂದಾಯದಿಂದ. ಏನು ಕಟ್ಟಬೇಕೆಂದು ಆ ರೈತರನ್ನು ಯಾರೂ ಕೇಳಿರಲಿಲ್ಲ. ಇದನ್ನು ಮರೆತು ರಾಜನ ಹವ್ಯಾಸವನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ. ಆದರೂ ಅದೇ ಕಾಲದ ಎಷ್ಟೋ ರಾಜರ ಆಟಿಕೆಗಳು ಅರಮನೆಯ ಗೋಡೆ ದಾಟಲಿಲ್ಲ ಎಂಬುದೂ ನಿಜ.

ಇವರ ಆಟಿಕೆಗಳಿಗೆ ಮಾತ್ರ ಗೋಡೆ ದಾಟುವ ಚಾಳಿ. 1900ರಲ್ಲಿ ಚೀನಾದ ಬಾಕ್ಸರ್ ದಂಗೆಗೆ ಬ್ರಿಟಿಷ್ ಸೇನೆ ಹೊರಟಾಗ ಆಸ್ಪತ್ರೆ ಹಡಗೊಂದನ್ನು ಸಜ್ಜುಗೊಳಿಸಿ ಕೊಟ್ಟು ತಾವೂ ಅಲ್ಲಿಗೆ ಹೋದರು. ಮೊದಲ ಮಹಾಯುದ್ಧದ ಹೊತ್ತಿಗೆ ಲಾಯಲ್ಟಿ ಎಂಬ ಇನ್ನೊಂದು ಆಸ್ಪತ್ರೆ ಹಡಗಿಗೆ ಮುಂದಾಳಾದರು. ಯುದ್ಧ ಮುಗಿದ ಮೇಲೆ ಅದನ್ನು ಕೊಂಡವರು ವಾಲಚಂದ್ ಹಿರಾಚಂದ್ ಮತ್ತು ಗೆಳೆಯರು. ಅವರ ಕಂಪನಿಯ ಹೆಸರೇ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್. ಆ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ ನೆನಪಿಗೆ ನಾವು ಇಂದಿಗೂ ರಾಷ್ಟ್ರೀಯ ಕಡಲಯಾನ ದಿನ ಆಚರಿಸುತ್ತೇವೆ. ಇದೇ ವಾಲಚಂದ್ ಮುಂದೆ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದವರು; ಇಂದಿನ ಎಚ್‌ಎಎಲ್ ಅದೇ.

ಟಾಟಾ ಉಕ್ಕಿನ ಕಂಪನಿ 1907ರಲ್ಲಿ ಹುಟ್ಟಿದ ಮೇಲೆ ನಡೆಸಲು ಬಂಡವಾಳ ಬೇಕಾದಾಗ 4 ಲಕ್ಷ ಪೌಂಡ್‌ಗಳ ಸಾಲಪತ್ರಗಳನ್ನು ಇಡಿಯಾಗಿ ಕೊಂಡವರೂ ಮಾಧವರಾವ್‌. ನೀರಾವರಿಯ ವಿಷಯಕ್ಕೆ ಬಂದರೆ ನಮ್ಮವರೇ ಎದುರಾಗುತ್ತಾರೆ. ಗ್ವಾಲಿಯರ್ ಬಳಿಯ ತಿಗ್ರಾ ಅಣೆಕಟ್ಟೆಗೆ ಹಾಕಿದ್ದು ಸರ್ ಎಂ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ತೂಬುಬಾಗಿಲುಗಳನ್ನು. 1903ರಲ್ಲಿ ಪುಣೆಯ ಖಡಕವಾಸ್ಲಾದಲ್ಲಿ ಮೊದಲು ಕೂತು, ಆಮೇಲೆ ತಿಗ್ರಾಕ್ಕೆ ಹೋಗಿ, ಕೊನೆಗೆ ಕನ್ನಂಬಾಡಿಗೆ ಬಂದ ಬಾಗಿಲುಗಳವು. ತಿಗ್ರಾದ ಕಟ್ಟೆ ಮಾತ್ರ 1917ರಲ್ಲಿ ಒಡೆಯಿತು. ತಪ್ಪು ಬಾಗಿಲಿನದಲ್ಲ, ಬುನಾದಿಯ ಮರಳುಗಲ್ಲಿನೊಳಗೆ ನೀರು ಜಿನುಗಿತ್ತು. ಮತ್ತೆ ಕಟ್ಟಿದರು. ಗ್ವಾಲಿಯರ್ ಇಂದಿಗೂ ಕುಡಿಯುವುದು ಆ ಜಲಾಶಯದ ನೀರನ್ನು.

1925ರ ಜೂನ್ 5ರಂದು ಮಾಧವರಾವ್ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಇನ್ನೂ 49 ತುಂಬಿರಲಿಲ್ಲ. ಮಗ ಜೀವಾಜಿರಾವ್‌ಗೆ ಆಗ 9 ತುಂಬಲು ಕೆಲವೇ ದಿನ. ಅಪ್ಪನಂತೆಯೇ ಆಡುವ ವಯಸ್ಸಿನಲ್ಲಿ ಗಾದಿ. ರೈಲು ಓಡುತ್ತಲೇ ಇತ್ತು. ಸ್ವಾತಂತ್ರ್ಯ ಬಂತು, ರಾಜ್ಯ ಹೋಯಿತು, ಹಳಿ ಭಾರತೀಯ ರೈಲ್ವೆಗೆ ಸೇರಿತು, ಹಬೆ ಹೋಗಿ ಡೀಸೆಲ್ ಬಂತು. ಮೊಮ್ಮಗ ಮಾಧವರಾವ್ ರೈಲ್ವೆ ಸಚಿವರಾಗಿದ್ದಾಗ, 1988ರಲ್ಲಿ, ದೇಶದ ಮೊದಲ ಶತಾಬ್ದಿ ಎಕ್ಸ್‌ಪ್ರೆಸ್ ಗ್ವಾಲಿಯರ್ ಮೂಲಕವೇ ಓಡಿತು. ಅದೇ ನಿಲ್ದಾಣದ ಪಕ್ಕದಿಂದ ತಾತನ ಪುಟ್ಟ ರೈಲು, ಮಾಡಿನ ಮೇಲೂ ಜನರನ್ನು ಕೂರಿಸಿಕೊಂಡು, ಸೈಕಲ್ಲು, ಹಾಲಿನ ಕ್ಯಾನು ತೂಗುಹಾಕಿಕೊಂಡು ಹೊರಡುತ್ತಿತ್ತು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋಗಿಬಂದ ನಮ್ಮಲ್ಲಿ ಎಷ್ಟೋ ಜನ ಗ್ವಾಲಿಯರ್‌ನಲ್ಲಿ ಚಹಾ ಕುಡಿದಿದ್ದೇವೆ. ಮಗ್ಗುಲಲ್ಲೇ ಇದ್ದ ಆ ರೈಲಿನತ್ತ ತಿರುಗಿ ನೋಡಿದವರು ಕಡಿಮೆ. 2020ರಲ್ಲಿ ಅದು ನಿಂತಿತು. ಈಗ ಅದೇ ಹಾದಿಯಲ್ಲಿ ಹಂತ ಹಂತವಾಗಿ ಬ್ರಾಡ್‌ಗೇಜ್ ಬರುತ್ತಿದೆ.

ಎರಡು ವರ್ಷದ ಹಿಂದೆ ನಾವು ಮೂವರೂ ಜಯವಿಲಾಸಕ್ಕೆ ಹೋಗಿದ್ದೆವು. ಅರಮನೆಯ ಒಂದು ಭಾಗ ಈಗ ವಸ್ತುಸಂಗ್ರಹಾಲಯ. ಬೆಳ್ಳಿ ರೈಲು ತನ್ನ ಮೇಜಿನ ಮೇಲೇ ಇದೆ. ಆರು ವರ್ಷದ ಮಗಳು ಬಹಳ ಹೊತ್ತು ನೋಡಿ, ಇದು ಯಾವಾಗ ಹೊರಡುತ್ತದೆ ಎಂದು ಕೇಳಿದಳು. ಹೊರಡುವುದಿಲ್ಲ ಎಂದಾಗ ಅವಳ ಆಸಕ್ತಿ ಅಲ್ಲಿಗೇ ಮುಗಿಯಿತು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಗಾಜಿನ ಬೀರುವಿನ ಮಾತು ಆಮೇಲೆ ಸ್ವಲ್ಪ ಕಾಲ ಬರಲಿಲ್ಲ.

ನನಗೆ ಚುಚ್ಚಿದ್ದು ಬೇರೆ. ಬೀರುವಿನಲ್ಲಿ ಇಡಲೊಲ್ಲೆ ಎಂದು ವಾದಿಸುತ್ತಿದ್ದವನು ಅಕ್ಕಪಕ್ಕದ ಮಕ್ಕಳು ಬಂದರೆ ಎಂಜಿನ್ ಮುಟ್ಟಲು ಬಿಡುತ್ತಿರಲಿಲ್ಲ. ಬಣ್ಣ ಕೆಟ್ಟೀತೆಂಬ ಭಯ. ಮಕ್ಕಳು ಕೈ ಹಿಂದೆ ಕಟ್ಟಿ ನಿಂತು ನೋಡಿ ಹೋಗುತ್ತಿದ್ದರು. ಹೊರಗೆ ಓಡಿಸುತ್ತಿದ್ದೆ ನಿಜ, ಆದರೆ ನನ್ನ ರೈಲೂ ಗಾಜಿನೊಳಗೇ ಇತ್ತು. ಮಾಧವರಾವ್ ಬೆಳ್ಳಿಯದನ್ನು ಮೇಜಿಗೆ ಬಿಟ್ಟು ಕಬ್ಬಿಣದ್ದನ್ನು ಊರಿಗೆ ಕೊಟ್ಟರು. ಶ್ಯೋಪುರದ ಜನ ಅದರ ಮಾಡು ಹತ್ತಿ ಕೂತಾಗ ಅದು ನಿಜವಾಗಿ ರೈಲಾಯಿತು.

ಕಳೆದ ದಸರೆಗೆ, ಮಳೆ ನಿಂತು ನೆಲ ಗಟ್ಟಿಯಾದ ಮೇಲೆ, ಹಳಿಯ ಮಟ್ಟ ಸರಿಮಾಡಿ ಹೊಸ ಕಪ್ಪು ಬಣ್ಣದ ಎಂಜಿನ್ ಇಳಿಸಿದೆ. ಆಯುಧಪೂಜೆಗೆ ಮಗಳು ಅದಕ್ಕೂ ಕುಂಕುಮ ಹಚ್ಚಿದಳು. ರಿಮೋಟ್ ಅನ್ನು ಪಕ್ಕದ ಮನೆಯ ಹುಡುಗನ ಕೈಗೆ ಕೊಟ್ಟೆ. ಅವನು ಎರಡನೇ ಸುತ್ತಿನಲ್ಲೇ ವೇಗ ಹೆಚ್ಚಿಸಿ ತುಳಸಿಕಟ್ಟೆಯ ತಿರುವಿನಲ್ಲಿ ಉರುಳಿಸಿದ. ಎಂಜಿನ್ನಿನ ಎಡ ಮೂಲೆಯಲ್ಲಿ ಉಗುರಿನಷ್ಟು ಬಣ್ಣ ಹಾರಿ ಅಲ್ಯೂಮಿನಿಯಂ ಹೊಳೆಯಿತು. ಹುಡುಗ ಅಳುಮುಖ ಮಾಡಿದ. ಜೂನ್‌ನಲ್ಲಿ ಹೇಗೂ ಬಣ್ಣ ಹೊಡೆಯುವುದಿದೆ ಎಂದು ಹೇಳಿ, ಹಳಿಗೆ ಎತ್ತಿಟ್ಟು, ರಿಮೋಟ್ ಮತ್ತೆ ಅವನಿಗೇ ಕೊಟ್ಟೆ.